ತೊಟ್ಟಿಯ ಲೆಕ್ಕಕ್ಕೆ ಮೋಹನ ರಾಗ

ಮನೆ ತಪ್ಪಿತೇನೋ ಅಂದುಕೊಂಡಳು ಸಂಯುಕ್ತಾ.

ಮಗಳನ್ನು ಗಣಿತದ ಪಾಠಕ್ಕೆ ಬಿಟ್ಟು, ವಾರದ ತರಕಾರಿ ಕೊಂಡು, ಸಿಡ್ನಿಯ ರೌಸ್ ಹಿಲ್‌ನ ಆ ಹೊಸ ಇಟ್ಟಿಗೆ ಮನೆಯ ಬಾಗಿಲಿಗೆ ಮತ್ತೆ ಬಂದು ನಿಂತರೆ ಒಳಗಿನಿಂದ ರಾಗ ಕೇಳಿಸುತ್ತಿತ್ತು. ಗಂಡು ದನಿ, ಮೋಹನ ರಾಗ. ಗಮಕಿಗಳು ಕಾವ್ಯ ಓದುವಾಗ ಮಾತನ್ನೂ ರಾಗವನ್ನೂ ಒಂದೇ ಎಳೆಯಾಗಿ ಹೊಸೆಯುತ್ತಾರಲ್ಲ, ಹಾಗೆ. ಕಿವಿಗೊಟ್ಟರೆ ಕಾವ್ಯವಲ್ಲ.

“ಎ ಟ್ಯಾಂಕ್ ಹ್ಯಾಸ್ ಟೂ ಟ್ಯಾಪ್ಸ್…” ಎಂದು ದನಿ ಮೇಲೇರಿತು. “ದ ಫಸ್ಟ್ ಫಿಲ್ಸ್ ಇಟ್ ಇನ್ ತ್ರೀ ಅವರ್ಸ್…” ಎಂದು ಜಾರಿ ಕೆಳಗಿಳಿಯಿತು. ನಡುವೆ ಮಗಳು ಅಪೂರ್ವಳ ಕಿಲಕಿಲ.

ಬಾಗಿಲು ತೆರೆದವನು ಚಕ್ರಪಾಣಿ. ಚಾಟ್ಸ್‌ವುಡ್‌ನಲ್ಲಿ ಐಟಿ ಕೆಲಸ, ಮೈಸೂರಿನ ಕಡೆಯವನು, ಶನಿವಾರ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹುಚ್ಚು, ಫೀಸು ಮುಟ್ಟುವುದಿಲ್ಲ, ನಲವತ್ತರ ಹತ್ತಿರ ಬಂದರೂ ಮದುವೆಯಾಗಿಲ್ಲ. ಕನ್ನಡ ಸಂಘದವರು ಇಷ್ಟು ಹೇಳಿದ್ದರು. ರಾಗದ ವಿಷಯ ಯಾರೂ ಹೇಳಿರಲಿಲ್ಲ.

“ನಾನು ಇವಳನ್ನ ಮ್ಯಾಥ್ಸ್‌ಗೆ ಕಳಿಸಿದ್ದು,” ಅಂದಳು ಸಂಯುಕ್ತಾ.

“ಅದೇ ನಡೀತಿದೆ.”

“ಸಂಗೀತದ ಥರ ಕೇಳಿಸ್ತು.”

“ಸಂಗೀತ ಗೊತ್ತಿರೋರ ಮುಂದೆ ಹಾಗನ್ನಬೇಡಿ, ಬೇಜಾರು ಮಾಡ್ಕೋತಾರೆ,” ಅಂದ ಅವನು. ಹಣೆಯ ಮೇಲೆ ಗಂಧದ ತೆಳು ಗೆರೆ, ಕೈಯಲ್ಲಿ ವೈಟ್‌ಬೋರ್ಡ್ ಪೆನ್ನು. “ಒಳಗೆ ಬನ್ನಿ. ನಿಮ್ಮ ಮಗಳು ಬುದ್ಧಿವಂತೆ. ಒಂದೇ ತೊಂದರೆ, ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ ಕೊಡ್ತಾಳೆ.”

ಬೋರ್ಡಿನ ಮೇಲೆ ತೊಟ್ಟಿಯ ಚಿತ್ರವಿತ್ತು. ಒಂದು ನಲ್ಲಿ ಮೂರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಆರು ಗಂಟೆಯಲ್ಲಿ; ಎರಡನ್ನೂ ಒಟ್ಟಿಗೆ ಬಿಟ್ಟರೆ ತುಂಬಲು ಎಷ್ಟು ಹೊತ್ತು? ಅಪೂರ್ವ ಎರಡು ಗಂಟೆ ಎಂದು ಬರೆದು ಪೆನ್ನು ಮುಚ್ಚಿದ್ದಳು. ಒಂದು ಗಂಟೆಯಾದ ಮೇಲೆ ಮೊದಲ ನಲ್ಲಿಯನ್ನು ನಿಲ್ಲಿಸಿದರು ಅನ್ನುವ ಕೊನೆಯ ಸಾಲನ್ನು ಅವಳು ಓದಿಯೇ ಇರಲಿಲ್ಲ. ಸರಿಯಾದ ಉತ್ತರ ನಾಲ್ಕು.

“ನಮ್ಮಪ್ಪ ಗಮಕಿ,” ಅಂದ ಚಕ್ರಪಾಣಿ. “ಗಮಕದಲ್ಲಿ ಒಬ್ಬರು ಓದ್ತಾರೆ, ಇನ್ನೊಬ್ಬರು ಅರ್ಥ ಹೇಳ್ತಾರೆ. ಓದೋರು ನಿಲ್ಲಿಸೋ ತನಕ ಅರ್ಥ ಹೇಳೋರು ಬಾಯಿ ಬಿಡೋ ಹಾಗಿಲ್ಲ. ರಾಗದಲ್ಲಿ ಓದಿದ್ರೆ ಓಡೋಕಾಗಲ್ಲ ನೋಡಿ. ಪ್ರತಿ ಮಾತಿಗೂ ನಿಲ್ಲಲೇಬೇಕು.”

“ಇಟ್ಸ್ ಸೋ ವಿಯರ್ಡ್, ಅಮ್ಮಾ,” ಅಂದಳು ಅಪೂರ್ವ. “ಬಟ್ ಇಟ್ ವರ್ಕ್ಸ್.”

ಬರುವ ವರ್ಷ ಮೆಲ್ಬರ್ನಿನಲ್ಲಿ ಗಣಿತ ವಿಜ್ಞಾನಕ್ಕೆಂದೇ ಹೊಸ ಶಾಲೆಯೊಂದು ತೆರೆಯುವುದಿತ್ತು. ಹತ್ತನೇ ಕ್ಲಾಸಿನಿಂದ ಸೇರಿಸಿಕೊಳ್ಳುತ್ತಾರೆ, ಸೆಪ್ಟೆಂಬರಿನಲ್ಲಿ ಪರೀಕ್ಷೆ. ಅಲ್ಲೇ ಇದ್ದ ಸಂಯುಕ್ತಾಳ ಅಣ್ಣ ಯೋಗೀಶ ಫೋನಿನಲ್ಲಿ ಹೇಳಿದ್ದೇ ತಡ, ಅಪೂರ್ವ ಆ ಶಾಲೆಯ ಕನಸು ಕಾಣತೊಡಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಆ ಹುಡುಗಿ ಯಾವುದನ್ನೂ ಹಟ ಹಿಡಿದು ಕೇಳಿದವಳಲ್ಲ. ಕೇಳಿದ್ದು ಇದೊಂದು. ಸೀಟು ಸಿಕ್ಕರೆ ಬ್ಲ್ಯಾಕ್‌ಟೌನ್‌ನ ಬಾಡಿಗೆ ಮನೆ, ಆಸ್ಪತ್ರೆಯ ಲ್ಯಾಬಿನ ಕೆಲಸ, ಎಲ್ಲವನ್ನೂ ಬಿಟ್ಟು ಊರು ಬದಲಿಸುವುದು ಎಂದು ಸಂಯುಕ್ತಾ ಯೋಚನೆಯೇ ಇಲ್ಲದೆ ನಿಶ್ಚಯಿಸಿದ್ದಳು. ಸಿಡ್ನಿಯಲ್ಲಿ ತನ್ನನ್ನು ಹಿಡಿದಿಡುವಂಥದ್ದು ಏನಿದೆ ಎಂದುಕೊಂಡಿದ್ದಳು.

ಆಗ ಏನೂ ಇರಲಿಲ್ಲ, ನಿಜ.

ಮುಂದಿನ ಶನಿವಾರ ಅವಳು ತರಕಾರಿಗೆ ಹೋಗಲಿಲ್ಲ. “ಪಾರ್ಕಿಂಗ್ ಸಿಗಲ್ಲ,” ಎಂದು ಕಾರಣ ಹೇಳಿ ಸೋಫಾದ ತುದಿಯಲ್ಲಿ ಕುಳಿತಳು. ಅದರ ಮುಂದಿನ ಶನಿವಾರ ಕಾರಣವನ್ನೂ ಹೇಳಲಿಲ್ಲ. ಚಕ್ರಪಾಣಿ ಕೇಳಲೂ ಇಲ್ಲ. ಕುರ್ಚಿಯೊಂದನ್ನು ಬೋರ್ಡಿನ ಹತ್ತಿರಕ್ಕೆ ಎಳೆದಿಟ್ಟ, ಅಷ್ಟೇ.

“ಅರ್ಥ ಹೇಳೋಕೆ ಒಬ್ಬರು ಬೇಕು,” ಅಂದ. “ನಾನೇ ಓದಿ ನಾನೇ ಹೇಳಿದ್ರೆ ಒಂಟೆತ್ತಿನ ಗಾಡಿ ಆಗುತ್ತೆ. ನೀವು ಹೇಳಿ.”

“ನನಗೆ ಈ ಲೆಕ್ಕ ಎಲ್ಲ ಮರೆತೇಹೋಗಿದೆ.”

“ಒಳ್ಳೇದಾಯ್ತು. ಗೊತ್ತಿರೋರು ಅವಸರ ಮಾಡ್ತಾರೆ.”

ಹೀಗೆ ಶುರುವಾಯಿತು. ಅವನು ರೈಲುಗಳನ್ನು ಕಾಂಬೋಧಿಯಲ್ಲಿ ಓಡಿಸಿದ, ದೋಣಿಗಳನ್ನು ಹಿಂದೋಳದಲ್ಲಿ ತೇಲಿಸಿದ. ಅವನು ನಿಲ್ಲಿಸಿದಲ್ಲಿ ಸಂಯುಕ್ತಾ ಎತ್ತಿಕೊಳ್ಳುತ್ತಿದ್ದಳು. “ನೋಡೇ ಅಪ್ಪೂ, ಹೊಳೆ ಒಂದು ಕಡೆ ಎಳೀತಿದೆ, ದೋಣಿಯವನು ಇನ್ನೊಂದು ಕಡೆ ಹುಟ್ಟು ಹಾಕ್ತಿದಾನೆ. ಪಾಪ, ಅವನಿಗೆ ದಡ ಸಿಗಬೇಕಾದ್ರೆ…”

“ದೋಣಿಯವನು ಪಾಪ ಅಂತ ಪ್ರಶ್ನೆಯಲ್ಲಿ ಇಲ್ಲ,” ಅನ್ನುತ್ತಿದ್ದ ಚಕ್ರಪಾಣಿ.

“ಓದೋದು ನಿಮ್ಮ ಕೆಲಸ. ಅರ್ಥ ನನ್ನದು.”

ಅವಳು ಅರ್ಥ ಹೇಳುವಾಗ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ದೇವರ ಮುಂದೆ ಕುಳಿತವರ ಹಾಗೆ. ಅಷ್ಟು ಹೊತ್ತು ಅವಳು ಅವನನ್ನು ನೆಮ್ಮದಿಯಾಗಿ ನೋಡಬಹುದಿತ್ತು. ಕಿವಿಯ ಪಕ್ಕದ ಬಿಳಿ ಕೂದಲು. ಒಂದು ಗುಂಡಿ ತಪ್ಪಿಸಿ ಹಾಕಿಕೊಂಡ ಶರ್ಟು. ಒಮ್ಮೆ ಅವನು ತಟಕ್ಕನೆ ಕಣ್ಣು ತೆರೆದ. ಅವಳು ಹೊಳೆಯನ್ನೂ ದೋಣಿಯನ್ನೂ ಅಲ್ಲೇ ಬಿಟ್ಟು ಕಿಟಕಿಯ ಕಡೆ ತಿರುಗಿದಳು.

“ದೋಣಿ ಮುಳುಗಿತಾ?” ಎಂದು ಕೇಳಿದ.

“ಗುಂಡಿ ತಪ್ಪಿದೆ,” ಅಂದಳು.

ಅವನು ಬೋರ್ಡಿನ ಕಡೆ ನೋಡಿ ಲೆಕ್ಕ ತಪ್ಪಿರುವುದೆಲ್ಲಿ ಎಂದು ಹುಡುಕಿದ. ಅಪೂರ್ವ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು.

ಚಳಿಗಾಲ ಕಳೆಯುವ ಹೊತ್ತಿಗೆ ಅಪೂರ್ವ ಪ್ರಶ್ನೆಯನ್ನು ಪೂರ್ತಿ ಓದುವುದನ್ನು ಕಲಿತಿದ್ದಳು. ತುಟಿ ಅಲ್ಲಾಡಿಸುತ್ತ, ಒಳಗೇ ಗುನುಗುತ್ತ, ಕೊನೆಯ ಮಾತಿನ ತನಕ ಹೋಗಿ ನಿಂತು, ಆಮೇಲೆ ಬರೆಯುತ್ತಿದ್ದಳು. ಬರೆದದ್ದೆಲ್ಲ ಸರಿ ಬರುತ್ತಿತ್ತು. ಒಂದೊಂದು ಸರಿಗೂ ಸಂಯುಕ್ತಾಳ ಎದೆ ಉಬ್ಬುತ್ತಿತ್ತು, ಉಬ್ಬಿದ ಎದೆಯೊಳಗೇ ಏನೋ ಚುಚ್ಚುತ್ತಿತ್ತು. ಮಗಳು ಗೆದ್ದಷ್ಟೂ ಈ ಕುರ್ಚಿ, ಈ ಬೋರ್ಡು, ಕಣ್ಣು ಮುಚ್ಚಿ ಕೇಳುವ ಈ ಮನುಷ್ಯ ದೂರ.

“ಅವಳಿಗೆ ಸಿಗುತ್ತೆ ಅನ್ಸುತ್ತಾ?” ಎಂದು ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಕೇಳಿದಳು.

“ಸಿಗುತ್ತೆ.”

“ಸಿಕ್ಕಿದ್ರೆ ಹೋಗಲೇಬೇಕಲ್ಲ.”

ಅವನು ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ದ, ನೊರೆ ಬಂದ ಮೇಲೂ ಹೊಯ್ಯುತ್ತಲೇ ಇದ್ದ. “ಹೋಗಲೇಬೇಕು,” ಅಂದ. “ಇಂಥ ಹುಡುಗೀನ ಹಿಡಿದಿಟ್ಟರೆ ಪಾಪ ಬರುತ್ತೆ.”

ಹುಡುಗಿಯ ಮಾತಾಯಿತು. ಹುಡುಗಿಯ ತಾಯಿಯ ಮಾತು ಬರಲಿಲ್ಲ.

ಕೊನೆಯ ಪಾಠದ ದಿನ ಅವಳು ಮೈಸೂರು ರೇಷ್ಮೆ ಉಟ್ಟಳು. ಬ್ಲ್ಯಾಕ್‌ಟೌನ್‌ನ ಅಂಗಡಿಯಲ್ಲಿ ಸಿಕ್ಕವುಗಳಲ್ಲಿ ಒಳ್ಳೆಯ ವೀಳ್ಯದೆಲೆ ಆರಿಸಿ, ಅಡಿಕೆ, ತೆಂಗಿನಕಾಯಿ, ಒಂದು ಶಾಲನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹೋದಳು. ಫೀಸು ಮುಟ್ಟದವನಿಗೆ ಗುರುದಕ್ಷಿಣೆಯನ್ನಾದರೂ ಕೊಡಬೇಡವೇ. ಅಪೂರ್ವ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಚಕ್ರಪಾಣಿ ತಲೆ ಮುಟ್ಟಿ ಹರಸಿದ. ಸಂಯುಕ್ತಾ ತಟ್ಟೆ ಮುಂದೆ ಹಿಡಿದಳು.

ಅವನ ಮುಖ ಬಿಳಿಚಿತು. ಕೈಗಳು ಬೆನ್ನ ಹಿಂದೆ ಹೋದವು.

“ಬೇಡ,” ಅಂದ. “ಇದೊಂದು ಬೇಡ. ನಿಮ್ಮ ಕೈಯಿಂದ ನಾನು ಇದನ್ನ ತಗೊಳ್ಳಲಾರೆ.”

ಹಾಗೆಂದವನೇ, ಹಚ್ಚಿರದ ಒಲೆಯನ್ನು ಆರಿಸಲು ಅಡುಗೆಮನೆಗೆ ಹೋದ.

ಹಿಂದಿನ ತಿಂಗಳು ಗೌರಿ ಹಬ್ಬದ ದಿನ ಸಂಘದ ಹಾಲಿನಲ್ಲಿ ಕುಂಕುಮದ ಬಟ್ಟಲು ಅವಳ ಮುಂದೆ ಬಂದು, ಒಂದು ಗಳಿಗೆ ನಿಂತು, ಪಕ್ಕದವಳ ಕಡೆ ತಿರುಗಿತ್ತು. ಅದಕ್ಕೆ ಅವಳು ಒಗ್ಗಿಹೋಗಿದ್ದಳು. ಆದರೆ ಈ ಮನೆಯಲ್ಲಿ ಹಾಗಾಗುತ್ತದೆ ಎಂದುಕೊಂಡಿರಲಿಲ್ಲ. ದಿನವೂ ಪೂಜೆ ಮಾಡುವವನು, ಗಂಧ ಹಚ್ಚುವವನು. ಗಂಡನಿಲ್ಲದವಳ ಕೈಯ ತಾಂಬೂಲ ಹೇಗೆ ತಾನೇ ತೆಗೆದುಕೊಂಡಾನು. ತಟ್ಟೆಗೆ ಸೆರಗು ಮುಚ್ಚಿಕೊಂಡು ಹೊರಟುಬಂದಳು.

“ವೈ ಆರ್ ಯೂ ಕ್ರೈಯಿಂಗ್, ಅಮ್ಮಾ?” ಎಂದು ಕಾರಿನಲ್ಲಿ ಅಪೂರ್ವ ಕೇಳಿದಳು.

“ಸೀಟ್ ಬೆಲ್ಟ್ ಹಾಕ್ಕೋ.”

“ಹಾಕ್ಕೊಂಡಿದೀನಿ. ಟೆಲ್ ಮೀ.”

ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದಳು. ಅಪೂರ್ವ ಮನೆ ಬರುವ ತನಕ ಸೀಟ್ ಬೆಲ್ಟನ್ನು ಎಳೆದು ಬಿಡುತ್ತ ಕುಳಿತಳು. ಆಮೇಲೆ, “ಅಂಕಲ್ ಅಂಥವರಲ್ಲ,” ಅಂದಳು.

“ನಿನಗೇನು ಗೊತ್ತು. ಹೋಗಿ ಓದ್ಕೋ.”

ಪರೀಕ್ಷೆಯ ದಿನ ಮೆಲ್ಬರ್ನಿನಲ್ಲಿ ಬೆಳಗಿನ ಬಿಸಿಲು ಕಾಸಿಗೂ ಉಪಯೋಗವಿಲ್ಲದಂತೆ ಹೊಳೆಯುತ್ತಿತ್ತು, ಗಾಳಿ ಮೂಳೆ ಕೊರೆಯುತ್ತಿತ್ತು. ಅಣ್ಣ ಇಬ್ಬರನ್ನೂ ಕಾರಿನಲ್ಲಿ ಇಳಿಸಿ ಮಧ್ಯಾಹ್ನ ಬರುತ್ತೇನೆಂದು ಹೋದ. ಮಗಳು ಒಳಗೆ ಹೋದ ಮೇಲೆ ಸಂಯುಕ್ತಾ ಮೈದಾನದ ಅಂಚಿನ ಬೆಂಚಿನ ಮೇಲೆ ಕುಳಿತಳು. ನೀಲಗಿರಿ ಜಾತಿಯ ಗಮ್ ಮರದಲ್ಲಿ ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿತ್ತು. ಮೊಟ್ಟೆಯಿಟ್ಟ ಕಾಲ, ಯಾರು ಹತ್ತಿರ ಸುಳಿದರೂ ತಲೆಗೇ ಎರಗುತ್ತಿತ್ತು.

ಗೇಟಿನ ಕಡೆಯಿಂದ ಒಬ್ಬ ಮನುಷ್ಯ ಲ್ಯಾಪ್‌ಟಾಪ್ ಬ್ಯಾಗನ್ನು ತಲೆಯ ಮೇಲೆ ಹಿಡಿದುಕೊಂಡು, ಬಗ್ಗಿ, ಎದ್ದು, ಮತ್ತೆ ಬಗ್ಗಿ ಓಡಿಬರುತ್ತಿದ್ದ. ಹಕ್ಕಿ ಬಿಡಲಿಲ್ಲ. ನಗಬಾರದು ಎಂದುಕೊಳ್ಳುವುದರೊಳಗೆ ಅವಳಿಗೆ ನಗು ಬಂದಿತ್ತು. ಆಮೇಲೆ ಯಾರೆಂದು ಗೊತ್ತಾಗಿ ನಗು ನಿಂತಿತು.

“ಫಸ್ಟ್ ಫ್ಲೈಟಿಗೆ ಬಂದೆ,” ಅಂದ ಚಕ್ರಪಾಣಿ, ಏದುಸಿರು ಬಿಡುತ್ತ. “ಅಪೂರ್ವ ನಿನ್ನೆ ಫೋನ್ ಮಾಡಿ ಬೈದಳು. ಪೂರ್ತಿ ಕನ್ನಡದಲ್ಲಿ. ಅಷ್ಟು ಕನ್ನಡ ಅವಳಿಗೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.”

“ನೀವು ಬರಬೇಕಾಗಿರಲಿಲ್ಲ.”

“ನಿಮ್ಮ ಕೈ ಅಶುಭ ಅಂತ ನಾನು ಅಂದ್ಕೋತೀನಿ ಅಂತ ಹೇಗೆ ಅಂದ್ಕೊಂಡ್ರಿ?”

“ಅಂದ್ಕೊಳ್ಳೋರನ್ನ ನೋಡಿ ನೋಡಿ ಅಭ್ಯಾಸ. ನಿಮ್ಮ ಕೈಯಿಂದ ಅಂತ ನೀವೇ ಬಾಯಿಬಿಟ್ಟು ಹೇಳಿದ್ರಿ.”

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಎಳೆದ, ಮುಚ್ಚಿದ.

“ನಮ್ಮಪ್ಪನ ಹತ್ರ ಕಲಿತೋರು ಪಾಠ ಮುಗಿದ ದಿನ ತಾಂಬೂಲ ಕೊಡ್ತಿದ್ರು. ಅಪ್ಪ ಹೇಳೋರು, ಅದನ್ನ ತಗೊಂಡ ಮೇಲೆ ಗುರುವಿಗೆ ಹಕ್ಕಿಲ್ಲ, ಮನಸಾರೆ ಕಳಿಸಿಕೊಡಬೇಕು, ಒಳಗೆ ಒಂದು ಚೂರೂ ಹಿಡಿದಿಟ್ಟುಕೊಳ್ಳಬಾರದು ಅಂತ. ಅಪೂರ್ವ ಕೊಟ್ಟಿದ್ರೆ ಕಣ್ಣು ಮುಚ್ಚಿ ತಗೊಂಡುಬಿಡ್ತಿದ್ದೆ. ಅವಳನ್ನ ಕಳಿಸೋಕೆ ನಾನು ಸಿದ್ಧ ಆಗಿದ್ದೆ.” ಜಿಪ್ಪನ್ನು ಕೈಬಿಟ್ಟ. “ನೀವು ಕೊಟ್ರಿ. ನಿಮ್ಮನ್ನ ಕಳಿಸೋಕೆ ನನ್ನ ಕೈಲಿ ಆಗಲಿಲ್ಲ.”

ಗಾಳಿ ಅವಳ ಶಾಲನ್ನು ಎಳೆಯಿತು. ಅವಳು ಅದನ್ನು ಸರಿಪಡಿಸಿಕೊಳ್ಳಲಿಲ್ಲ.

“ಇದನ್ನ ಅವತ್ತೇ ಹೇಳಬಹುದಿತ್ತು,” ಅಂದಳು.

“ಒಲೆ ಆರಿಸೋಕೆ ಹೋಗಿದ್ದೆ.”

“ಒಲೆ ಹಚ್ಚಿರಲೇ ಇಲ್ಲ.”

“ಹೌದು. ಅಲ್ಲಿ ಹೋದ ಮೇಲೆ ಗೊತ್ತಾಯ್ತು.”

ಅವಳು ಮುಖ ತಿರುಗಿಸಿದಳು. ನಗುತ್ತಿದ್ದೇನೆಯೋ ಅಳುತ್ತಿದ್ದೇನೆಯೋ ಅವಳಿಗೇ ತಿಳಿಯಲಿಲ್ಲ. ಹದಿವಯಸ್ಸಿನ ಹುಡುಗಿಯ ಹಾಗೆ ಕೆನ್ನೆ ಬೆಚ್ಚಗಾಗಿತ್ತು, ಈ ಚಳಿಯಲ್ಲಿ.

“ಅವಳಿಗೆ ಸೀಟು ಸಿಕ್ಕಿದ್ರೆ ನಾವು ಇಲ್ಲೇ ಇರೋರು,” ಅಂದಳು. “ಅದು ಬದಲಾಗಲ್ಲ. ಯಾರಿಗೋಸ್ಕರಾನೂ.”

“ಬದಲಾಗಬಾರದು. ನಮ್ಮ ಆಫೀಸಿನ ಒಂದು ಬ್ರಾಂಚ್ ಇಲ್ಲಿದೆ, ಟ್ರಾನ್ಸ್‌ಫರ್ ಕೇಳಿದೀನಿ. ರೌಸ್ ಹಿಲ್ ಮನೆ ಬಾಡಿಗೆಗೆ ಕೊಟ್ಟರಾಯ್ತು, ಮಾರ್ಟ್‌ಗೇಜ್ ಕಂತು ತಾನೇ ತಾನಾಗಿ ನಡೀತಿರುತ್ತೆ. ಸೀಟು ಸಿಗದಿದ್ರೆ ಎಲ್ಲರೂ ಸಿಡ್ನಿ.”

“ಎಲ್ಲರೂ ಅಂದ್ರೆ?”

“ಅದು ನೀವು ಹೇಳಬೇಕು,” ಅಂದ ಚಕ್ರಪಾಣಿ. “ನಾನು ಕೇಳೋದು ಇಷ್ಟೇ. ನನ್ನನ್ನ ಮದುವೆ ಆಗ್ತೀರಾ?”

ಹೇಳಿದವನೇ ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡ. ಅವಳು ಅವಸರ ಮಾಡಲಿಲ್ಲ. ಕದ್ದು ನೋಡುತ್ತಿದ್ದ ಮುಖವನ್ನು ಈಗ ಬಿಸಿಲಿನಲ್ಲಿ, ಬಯಲಿನಲ್ಲಿ, ಮನಸ್ಸು ತುಂಬುವಷ್ಟು ನೋಡಿದಳು. ಆಮೇಲೆ ಕೈಚೀಲದಿಂದ ಮೊಬೈಲ್ ತೆಗೆದು ಅಣ್ಣನ ಮನೆಗೆ ಫೋನ್ ಹಚ್ಚಿದಳು.

“ಅತ್ತಿಗೆ, ಮಧ್ಯಾಹ್ನದ ಊಟಕ್ಕೆ ಒಬ್ಬರು ಜಾಸ್ತಿ.”

“ಯಾರೇ ಅದು?” ಎಂದು ಕೇಳಿದಳು ಆ ಕಡೆಯಿಂದ ವಿಜಯಾ.

“ನಾನು ಮದುವೆ ಆಗೋರು.”

ಚಕ್ರಪಾಣಿಯ ಕಣ್ಣುಗಳು ತೆರೆದುಕೊಂಡವು. ಫೋನಿನಲ್ಲಿ ಮಾತು ನಿಂತುಹೋಗಿ ಕುಕ್ಕರಿನ ಸೀಟಿಯೊಂದೇ ಕೇಳಿಸಿತು. ಅದು ಮುಗಿದ ಮೇಲೆ ವಿಜಯಾ ನಿಧಾನವಾಗಿ ಏನೋ ಕೇಳಿದಳು. ಸಂಯುಕ್ತಾ ಫೋನನ್ನು ಕೈಯಿಂದ ಮುಚ್ಚಿಕೊಂಡು ಬೆಂಚಿನ ಆ ತುದಿಗೆ ತಿರುಗಿದಳು.

“ಹುಳಿಗೆ ಬದನೆಕಾಯಿ ಹಾಕಿದಾರಂತೆ. ತಿಂತೀರಾ?”

“ತಿಂತೀನಿ,” ಅಂದ ಚಕ್ರಪಾಣಿ.

ಹುಟ್ಟಿದಾಗಿನಿಂದ ಅವನು ಬದನೆಕಾಯಿ ಬಾಯಿಗೆ ಹಾಕಿದವನಲ್ಲ ಎಂಬುದು ಅವನ ಮುಖದ ಮೇಲೇ ಕಾಣುತ್ತಿತ್ತು. “ತಿಂತಾರಂತೆ ಅತ್ತಿಗೆ,” ಅಂದಳು ಸಂಯುಕ್ತಾ. “ಸ್ವಲ್ಪ ಜಾಸ್ತೀನೇ ಹಾಕಿ.”