ನಾನು ಒಡೆಸಿದ ಗೋಡೆ

ಹಳೇ ಮನೆಗಳನ್ನು ಬ್ಯಾಂಕ್ ಸಾಲದಲ್ಲಿ ಕೊಂಡು, ರಿಪೇರಿ ಮಾಡಿಸಿ ಬಾಡಿಗೆಗೆ ಕೊಡುವುದು ನನ್ನ ಕಸುಬು. ಬಾಡಿಗೆ ಬಂದರೆ ಕಂತು ತಾನಾಗಿಯೇ ತೀರುತ್ತದೆ. ದೆವ್ವಗಿವ್ವ ಎಂದು ತಲೆ ಕೆಡಿಸಿಕೊಂಡವನಲ್ಲ.

ಹಾಗೆ ಕೊಂಡ ಒಂದು ಮನೆಯಲ್ಲಿ ಎರಡು ಕತ್ತಲೆ ಕೋಣೆಗಳ ನಡುವಿನ ಗೋಡೆ ಒಡೆಸಿ, ಒಂದೇ ಹಾಲ್ ಮಾಡಿಸಿದೆ. ಟೈಲ್ಸ್ ಹಾಕಿಸಿದ ಮೇಲೆ ಗೋಡೆಯ ಗುರುತೂ ಉಳಿಯಲಿಲ್ಲ. ಗಂಡ, ಮಗುವಿನೊಂದಿಗೆ ಒಬ್ಬಳು ನರ್ಸ್ ಬಾಡಿಗೆಗೆ ಬಂದಳು. ತಿಂಗಳು ತುಂಬುವ ಮೊದಲೇ ಫೋನ್ ಮಾಡಿ, "ಮನೆ ಖಾಲಿ ಮಾಡ್ತೀವಿ ಅಣ್ಣ" ಎಂದಳು.

ಸಮಾಧಾನ ಹೇಳೋಣವೆಂದು ಮಧ್ಯಾಹ್ನ ಹೋದೆ. ಹಾಲ್‌ನ ಆಚೆ ತುದಿಯಿಂದ ಅವಳು "ಕೂತ್ಕೊಳಿ" ಎಂದದ್ದು ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು. ಟೀ ಹಿಡಿದು ನೇರವಾಗಿ ಬರದೆ ಕಿಟಕಿಯ ಬದಿಗೆ ಹೋಗಿ, ತಲೆ ತಗ್ಗಿಸಿ ಈಚೆ ಬಂದಳು. ಒಡೆಸಿದ ಗೋಡೆಯಲ್ಲಿ ಮೊದಲು ಗಿಡ್ಡ ಬಾಗಿಲಿದ್ದದ್ದು ಅಲ್ಲೇ. ಅವಳು ಅದನ್ನು ಕಂಡವಳಲ್ಲ.

"ಯಾಕಮ್ಮ, ಸುತ್ತಿ ಬಂದೆ?"

"ಗೊತ್ತಿಲ್ಲ ಅಣ್ಣ, ಕಾಲು ಹಾಗೇ ಹೋಗುತ್ತೆ. ಇವರದ್ದೂ ಅಷ್ಟೇ."

ಅಷ್ಟರಲ್ಲಿ ಮಗು ಅಂಬೆಗಾಲಿಡುತ್ತಾ ಹಾಲ್‌ನ ನಡುವೆ ಬಂತು. ಎರಡೂ ಅಂಗೈಗಳನ್ನು ಗಾಳಿಗೆ ಒತ್ತಿ ಮೆಲ್ಲಗೆ ಎದ್ದು ನಿಂತಿತು. ಕೆನ್ನೆ ಒರಗಿಸಿ ನಮ್ಮನ್ನು ನೋಡಿ ನಕ್ಕಿತು.

ನರ್ಸ್ ಲೋಟ ಕೆಳಗಿಟ್ಟಳು.

"ಏನಾದ್ರೂ ಹಿಡ್ಕೊಳ್ದೆ ನಿಲ್ಲೋಕೆ ಅದಕ್ಕಿನ್ನೂ ಬರಲ್ಲ ಅಣ್ಣ" ಎಂದಳು.