ಮೇಸ್ಟ್ರು ಕೂತ ಜಾಗ

ಜಲ್ಲಿ ಕ್ರಷರಿನ ತೂಕದ ಕೋಣೆಯಲ್ಲಿ ಮ್ಯಾನೇಜರ್ ಮಕಾಡೆ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಒಂದು ಹಾರೆ. ಹಾರೆಯ ಪಕ್ಕ ರಕ್ತ ಮೆತ್ತಿದ ದಪ್ಪ ಕೋಟು. ವೆಲ್ಡಿಂಗ್ ಮಾಡುವವರು ಹಾಕುವಂಥದ್ದು, ಎದೆಯ ತುಂಬ ಕಿಡಿ ಸುಟ್ಟ ತೂತುಗಳು.

ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದಳು. ನೋಡಿದ ಕೂಡಲೇ ಕೇಸು ಬಿಡಿಸುವವಳು ಎಂದು ಇಲಾಖೆಯಲ್ಲಿ ಆಕೆಗೆ ಹೆಸರಿತ್ತು. ಆ ಹೆಸರು ಆಕೆಗೂ ಬಹಳ ಹಿಡಿಸಿತ್ತು. ಮುಂದೆ ಆದ ಅನಾಹುತಕ್ಕೆಲ್ಲ ಅಲ್ಲೇ ಬುಡ.

"ಮೊದಲು ನೋಡಿದ್ದು ಯಾರು?"

"ನಾನೇ ಮೇಡಂ." ವಾಚ್‌ಮನ್ ಕೈಕಟ್ಟಿ ನಿಂತಿದ್ದ. ಗಿಡ್ಡ ಆಳು, ಮಾತು ಮೆತ್ತಗೆ. "ಬೆಳಿಗ್ಗೆ ಬಾಗಿಲು ತೆಗೆದಿತ್ತು, ಇಣುಕಿದೆ. ಕೈಕಾಲು ತಣ್ಣಗಾಯ್ತು. ಒಳಗೆ ಕಾಲಿಟ್ಟಿಲ್ಲ. ಒಂದು ಕಡ್ಡೀನೂ ಮುಟ್ಟಿಲ್ಲ."

"ಕೋಟು ಯಾರದ್ದು?"

"ಉದ್ದಣ್ಣಂದು. ನಮ್ಮ ವೆಲ್ಡರ್." ವಾಚ್‌ಮನ್ ಗಂಟಲು ಸರಿಮಾಡಿಕೊಂಡ. "ನಿನ್ನೆ ರಜೆ ವಿಷಯಕ್ಕೆ ಸಾಹೇಬ್ರಿಗೂ ಅವನಿಗೂ ಎಲ್ಲರೆದುರಿಗೇ ಮಾತಿಗೆ ಮಾತು ಬೆಳೀತು. ಇವತ್ತು ಅವನು ಕಾಡಿನ ಕಡೆ ಓಡ್ತಾ ಇದ್ದದ್ದನ್ನ ನಾನೇ ಕಣ್ಣಾರೆ ಕಂಡೆ."

ಆರಡಿ ಮೀರಿದ ವೆಲ್ಡರ್‌ಗೆ ಉದ್ದಣ್ಣ ಎಂದು ಹೆಸರಿಟ್ಟವರು ಕ್ರಷರಿನ ಲೋಡರುಗಳು. ಜಗಳ ಆಡಿದ್ದ, ಕೋಟು ಬಿಟ್ಟಿದ್ದ, ಕಾಲಿಗೆ ಬುದ್ಧಿ ಹೇಳಿದ್ದ. ಇನ್ನೇನು ಬೇಕು? ಚಹಾ ಬರುವಷ್ಟರಲ್ಲಿ ಇನ್‌ಸ್ಪೆಕ್ಟರ್ ಪಾಲಿಗೆ ಕೇಸು ಮುಗಿದಿತ್ತು.

ಶ್ವಾನದಳದ ದಫೇದಾರ ತನ್ನ ನಾಯಿಯೊಂದಿಗೆ ಬಂದ. ಅದರ ಅಡ್ಡಹೆಸರು ಮೇಸ್ಟ್ರು. ಹುಡುಕಿದವನು ಸಿಕ್ಕರೆ ಅದು ಬೊಗಳುತ್ತಿರಲಿಲ್ಲ, ಹಾರುತ್ತಿರಲಿಲ್ಲ. ಎದುರಿಗೆ ಕೂತು, ಪಾಠ ಒಪ್ಪಿಸದ ಹುಡುಗನನ್ನು ನೋಡುವ ಹಾಗೆ ಸುಮ್ಮನೆ ದಿಟ್ಟಿಸುತ್ತಿತ್ತು.

ಕೋಟು ಮೂಸಿಸಿದರು. ಮೇಸ್ಟ್ರು ಅಂಗಳ ಸುತ್ತಿತು. ಕಾಡಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನೇರ ಬಂದು ವಾಚ್‌ಮನ್ ಎದುರು ಕೂತಿತು.

"ಪಾಪ, ಹಸಿದಿದೆ," ಎಂದು ವಾಚ್‌ಮನ್ ಜೇಬಿನಿಂದ ಬಿಸ್ಕತ್ತು ತೆಗೆದ. ಎಲ್ಲರೂ ನಕ್ಕರು. ಮತ್ತೆ ಮೂಸಿಸಿದರು. ಮತ್ತೆ ಅಲ್ಲೇ ಕೂತಿತು.

"ದಫೇದಾರ್ರೇ, ನಿಮ್ಮ ಮೇಸ್ಟ್ರಿಗೆ ಪಿಂಚಣಿ ಕೊಡಿಸಿ," ಎಂದಳು ಇನ್‌ಸ್ಪೆಕ್ಟರ್. ನಗು ಇನ್ನೂ ಜೋರಾಯಿತು. ದಫೇದಾರ ಕಿವಿ ಕೆಂಪಾಗಿಸಿಕೊಂಡು ಸರಪಳಿ ಎಳೆದುಕೊಂಡು ಹೋದ.

* * *

ಕ್ರಷರಿನ ಬೇಲಿ ಮುಗಿದಲ್ಲಿಂದ ಕುರುಚಲು ಕಾಡು. ಸೊಂಟದೆತ್ತರದ ಮುಳ್ಳು, ಬಂಡೆ, ಕೊರಕಲು. ಆಚೆ ತುದಿ ಕಾಣದು. ಎರಡು ದಿನದಲ್ಲಿ ಹಿಡಿದು ತರುತ್ತೇನೆ ಎಂದಿದ್ದ ಇನ್‌ಸ್ಪೆಕ್ಟರ್ ಅಲ್ಲೇ ಡೇರೆ ಹಾಕಬೇಕಾಯಿತು. ಚಳಿಗಾಲ ಹೋಗಿ ಬಿಸಿಲು ಬಂತು. ಡೇರೆಯ ಬಟ್ಟೆ ಬಣ್ಣಗೆಟ್ಟಿತು. ಉದ್ದಣ್ಣ ಮಾತ್ರ ಚಳ್ಳೆಹಣ್ಣು ತಿನ್ನಿಸುತ್ತಲೇ ಇದ್ದ. ಒಂದು ಕಡೆ ಆರಿದ ಬೂದಿ, ಇನ್ನೊಂದು ಕಡೆ ಅಗೆದ ಗೆಡ್ಡೆಯ ಗುಂಡಿ. ಒಮ್ಮೆ ಪೊದೆ ಅಲ್ಲಾಡಿತೆಂದು ಪೇದೆಯೊಬ್ಬ ಗುಂಡು ಹಾರಿಸಿದ. ಹೋಗಿ ನೋಡಿದರೆ ಒಂದು ಬೂಟು, ಅದರೊಳಗೆ ರಕ್ತ.

ದಾರಿ ತೋರಿಸುತ್ತಿದ್ದವನು ವಾಚ್‌ಮನ್. ಸೌದೆಗೆಂದು ತಿರುಗಿದ್ದರಿಂದ ಅವನಿಗೆ ಒಂದೊಂದು ಕೊರಕಲೂ ಗೊತ್ತು. "ಹುಷಾರು ಮೇಡಂ, ಅವನ ಕೈಲಿ ಕತ್ತಿ ಇರುತ್ತೆ. ಕಂಡ್ರೆ ಯೋಚನೆ ಮಾಡಬೇಡಿ, ಹೊಡೆದುಬಿಡಿ," ಎಂದು ಪೇದೆಗಳಿಗೂ ಹೇಳುತ್ತಿದ್ದ. ಎಷ್ಟು ಕಾಳಜಿ ಎಂದು ಇನ್‌ಸ್ಪೆಕ್ಟರ್ ಅವನ ಬೆನ್ನು ತಟ್ಟಿದ್ದಳು. ಪತ್ರಿಕೆಯವರ ಮುಂದೆ ಉದ್ದಣ್ಣನನ್ನು ನರರಾಕ್ಷಸ ಎಂದಿದ್ದೂ ಆಕೆಯೇ.

ಮೊದಲ ವಾರವೇ ಉದ್ದಣ್ಣನ ಹೆಂಡತಿಯನ್ನು ಠಾಣೆಗೆ ಕರೆಸಿದ್ದಳು. ಟೈಲರ್ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ಹೆಂಗಸು. ಸದ್ದು ಬರಬಾರದೆಂದು ಫ್ಯಾನ್ ನಿಲ್ಲಿಸಿ, ಮೈಕು ಮುಂದಿಟ್ಟು, ಒಂದು ಚೀಟಿ ಕೊಟ್ಟಿದ್ದರು. 'ರೀ, ನೀವು ಮಾಡಿದ್ದು ದೊಡ್ಡ ತಪ್ಪು. ಒಪ್ಪಿಕೊಂಡು, ಕೈ ಮೇಲೆತ್ತಿಕೊಂಡು ಹೊರಗೆ ಬನ್ನಿ.'

"ಮೇಡಂ, ಪೇಪರಲ್ಲಿ ಆ ಕೋಟಿನ ಫೋಟೋ ನೋಡ್ದೆ. ಅದರ ತೋಳು..."

"ಬರೆದುಕೊಟ್ಟಿದ್ದಷ್ಟೇ ಓದಮ್ಮ."

"ಅಲ್ಲ ಮೇಡಂ, ನಮ್ಮೆಜಮಾನ್ರು ಯಾವತ್ತೂ..."

"ಎಲ್ಲ ಹೆಂಡ್ತೀರೂ ಹೀಗೇ ಹೇಳೋದು. ನಿನ್ನ ಗಂಡ ಜೀವಸಹಿತ ಬೇಕೋ ಬೇಡ್ವೋ? ಓದು."

ಅವಳು ಓದಿದಳು. ಧ್ವನಿ ನಡುಗಿದ್ದು ಒಳ್ಳೆಯದೇ ಆಯಿತೆಂದು ಇನ್‌ಸ್ಪೆಕ್ಟರ್‌ಗೆ ಅನಿಸಿತ್ತು. ಅಂದಿನಿಂದ ಆ ಧ್ವನಿಯನ್ನು ಜೀಪಿನ ಮೇಲಿನ ಧ್ವನಿವರ್ಧಕದಲ್ಲಿ ದಿನಾ ಬೆಳಿಗ್ಗೆ ಸಂಜೆ ಕಾಡಿಗೆ ಕೇಳಿಸುತ್ತಿದ್ದರು.

* * *

ಮೇಲಿನವರ ತಾಳ್ಮೆ ಮುಗಿಯಿತು. ಮರುದಿನ ನಾಲ್ಕೂ ಕಡೆಯಿಂದ ಕಾಡು ಸುತ್ತುವರಿಯುವುದು, ಕಂಡಲ್ಲಿ ಗುಂಡು ಹೊಡೆಯುವುದು ಎಂದು ಆದೇಶ ಬಂತು. ಜೊತೆಗೆ ಹೊಸ ನಾಯಿಯನ್ನೂ ಕಳಿಸಿದರು. ಹಿಡಿದು ತಂದವನು ಅದೇ ದಫೇದಾರ. ಇದು ಎಳೆಯ ಹೆಣ್ಣು ನಾಯಿ, ಈ ಕಡೆಯ ಯಾರ ಮುಖವನ್ನೂ ಕಂಡದ್ದಲ್ಲ.

ಚೀಲ ಬಿಚ್ಚಿ ಕೋಟು ಮೂಸಿಸಿದರು. ನಾಯಿ ಅಡುಗೆ ಡೇರೆ ದಾಟಿತು, ಕುಳಿತಿದ್ದ ಪೇದೆಗಳನ್ನು ದಾಟಿತು. ನೀರಿನ ಡ್ರಮ್ಮಿನ ಬಳಿ ಮುಖ ತೊಳೆಯುತ್ತಿದ್ದ ವಾಚ್‌ಮನ್ ಎದುರು ಹೋಗಿ ಕೂತಿತು.

"ಇದಕ್ಕೂ ಬಿಸ್ಕತ್ತು ಬೇಕಂತೆ!" ಎಂದ ಒಬ್ಬ ಪೇದೆ.

ಇನ್‌ಸ್ಪೆಕ್ಟರ್ ಅಭ್ಯಾಸಬಲದಿಂದ ನಗಲು ಬಾಯಿ ತೆರೆದಳು. ನಗು ಅರ್ಧಕ್ಕೇ ನಿಂತಿತು. ಈ ನಾಯಿಗೆ ಅವನು ಬಿಸ್ಕತ್ತು ಕೊಟ್ಟೇ ಇರಲಿಲ್ಲ. ದಫೇದಾರನನ್ನು ಡೇರೆಯೊಳಗೆ ಕರೆದಳು.

"ಕೋಟು ಮೂಸಿದ್ರೆ ನಾಯಿ ಯಾರನ್ನ ಹಿಡಿಯುತ್ತೆ?"

"ಕೊನೇಲಿ ಯಾರ ಮೈಮೇಲಿತ್ತೋ ಅವರನ್ನ."

"ವಾಚ್‌ಮನ್ ಕೋಣೆಯೊಳಗೇ ಹೋಗಿಲ್ಲ ಅಂದಿದ್ದ. ಏನೂ ಮುಟ್ಟಿಲ್ಲ ಅಂದಿದ್ದ."

"ಹೌದು ಮೇಡಂ." ದಫೇದಾರ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಅವತ್ತು ನೀವೆಲ್ಲ ನಕ್ಕಿದ್ರಲ್ಲ, ವ್ಯಾನಿನ ಹಿಂದೆ ಕರ್ಕೊಂಡು ಹೋಗಿ ಮೇಸ್ಟ್ರನ್ನ ಹೊಡೆದೆ. ಬೆಲ್ಟಲ್ಲಿ. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು. ನಾನೂ ನಂಬಲಿಲ್ಲ."

ಇನ್‌ಸ್ಪೆಕ್ಟರ್ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಕೋಟನ್ನು ಮೇಜಿನ ಮೇಲೆ ಹರಡಿದಳು. ಇಷ್ಟು ಕಾಲ ಅದನ್ನು ದೂರದಿಂದಲೋ ಫೋಟೋದಲ್ಲೋ ನೋಡಿದ್ದಳೇ ಹೊರತು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಎರಡೂ ತೋಳುಗಳು ಎರಡೆರಡು ಸುತ್ತು ಮಡಚಿದ್ದವು. ರಕ್ತ ಮಡಿಕೆಯ ಹೊರಗಡೆ ಸಿಡಿದಿತ್ತು. ಮಡಿಕೆ ಬಿಚ್ಚಿದಳು. ಒಳಗೆ ಒಂದು ಹನಿಯೂ ಇಲ್ಲ. ಅಂದರೆ ಏಟು ಬೀಳುವಾಗಲೇ ತೋಳು ಮಡಚಿತ್ತು. ಕೋಟಿನ ಎದೆಯ ಮೇಲಿದ್ದಷ್ಟೇ ಕಿಡಿ ಸುಟ್ಟ ತೂತುಗಳು ಬಿಚ್ಚಿದ ತೋಳಿನಲ್ಲೂ ಅಂಚಿನವರೆಗೆ ಇದ್ದವು. ಅಂದರೆ ಉದ್ದಣ್ಣ ತೋಳನ್ನು ಪೂರ್ತಿ ಇಳಿಬಿಟ್ಟುಕೊಂಡೇ ವೆಲ್ಡಿಂಗ್ ಮಾಡುತ್ತಿದ್ದ.

ಹೊರಗೆ ಸಂಜೆಯ ಸರದಿ ಶುರುವಾಯಿತು. 'ರೀ, ನೀವು ಮಾಡಿದ್ದು ದೊಡ್ಡ ತಪ್ಪು...'

"ನಿಲ್ಲಿಸ್ರೀ ಅದನ್ನ!" ಇನ್‌ಸ್ಪೆಕ್ಟರ್ ಕಿರುಚಿದಳು.

* * *

ಟೈಲರ್ ಅಂಗಡಿಯಲ್ಲಿ ಇನ್ನೂ ದೀಪ ಹಚ್ಚಿರಲಿಲ್ಲ. ಬಟ್ಟೆ ಚೂರುಗಳ ನಡುವೆ ಕೂತು ಉದ್ದಣ್ಣನ ಹೆಂಡತಿ ಬೀದಿಯ ಬೆಳಕಿಗೆ ಬಗ್ಗಿ ಗುಂಡಿ ಹೊಲಿಯುತ್ತಿದ್ದಳು. ಇನ್‌ಸ್ಪೆಕ್ಟರ್ ಬಂದರೂ ಏಳಲಿಲ್ಲ.

"ಅವತ್ತು ತೋಳಿನ ಬಗ್ಗೆ ಏನೋ ಹೇಳೋಕೆ ಹೋಗಿದ್ರಿ."

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಈಗ ಬಂದ್ರಾ ಕೇಳೋಕೆ?"

ಇನ್‌ಸ್ಪೆಕ್ಟರ್‌ಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ಮಡಚಿದ್ರೆ ಆ ಸಂದಿಯಲ್ಲಿ ಕಿಡಿ ಬಿದ್ದು ಕೂತುಬಿಡುತ್ತೆ. ಬಟ್ಟೆ ಹೊತ್ತಿಕೊಳ್ಳುತ್ತೆ. ವೆಲ್ಡಿಂಗ್ ಮಾಡೋರು ತೋಳು ಮಡಚಲ್ಲ ಮೇಡಂ. ನಮ್ಮೆಜಮಾನ್ರಿಗೆ ಮನೇಲೂ ಅದೇ ಅಭ್ಯಾಸ. ಅಲ್ಲದೆ ಅವರ ಕೈ ನೋಡಿದ್ದೀರಾ? ಅಂಗಡಿ ಕೋಟು ಮಣಿಕಟ್ಟಿಗೇ ಸಾಲಲ್ಲ. ಮಡಚೋಕೆ ಬಟ್ಟೆ ಎಲ್ಲಿಂದ ಬರ್ಬೇಕು? ಆ ಕೋಟನ್ನ ಅವರು ಮನೆಗೂ ತರ್ತಿರಲಿಲ್ಲ, ಶೆಡ್ಡಿನ ಮೊಳೆಗೇ ಹಾಕಿ ಬರ್ತಿದ್ರು."

"ಇದನ್ನ ಅವತ್ತೇ..." ಎಂದ ಇನ್‌ಸ್ಪೆಕ್ಟರ್ ಮಾತು ನುಂಗಿಕೊಂಡಳು. ಈ ಹೆಂಗಸು ಅವತ್ತೇ ಹೇಳಲು ಹೊರಟಿದ್ದಳಲ್ಲ.

* * *

ಬೆಳಿಗ್ಗೆ ಪಡೆ ಸಾಲಾಗಿ ನಿಂತಿತ್ತು. ಬಂದೂಕುಗಳು ತಯಾರಾಗಿದ್ದವು. ಇನ್‌ಸ್ಪೆಕ್ಟರ್ ವಾಚ್‌ಮನ್ ಕೈಗೆ ಹೊಚ್ಚಹೊಸ ವೆಲ್ಡಿಂಗ್ ಕೋಟು ಕೊಟ್ಟಳು. "ಮುಂದೆ ನಡೆಯೋನು ನೀನು. ಮುಳ್ಳು ಜಾಸ್ತಿ ಇದೆ, ಹಾಕ್ಕೊ."

ಅವನು ಹಾಕಿಕೊಂಡ. ಬೆರಳುಗಳು ತೋಳಿನೊಳಗೆ ಮುಳುಗಿಹೋದವು. ಪಕ್ಕದ ಪೇದೆಯ ಜೊತೆ ಯಾವ ಕೊರಕಲು ಮೊದಲು ಎಂದು ಮಾತಾಡುತ್ತಲೇ ತೋಳು ಮಡಚಿದ. ಒಂದು ಸುತ್ತು, ಇನ್ನೊಂದು ಸುತ್ತು. ಅಂಗೈಯಿಂದ ಒತ್ತಿದ. ಇನ್ನೊಂದು ತೋಳನ್ನೂ ಹಾಗೇ ಮಾಡಿದ.

ಇನ್‌ಸ್ಪೆಕ್ಟರ್ ಹಳೆಯ ಕೋಟಿನ ತೋಳನ್ನು ಗುರುತಿನ ಮೇಲೇ ಮತ್ತೆ ಮಡಚಿ ಜೀಪಿನ ಬಾನೆಟ್ಟಿನ ಮೇಲಿಟ್ಟಳು. ಅವೇ ಎರಡು ಸುತ್ತು. ಅದೇ ಅಗಲ. ವಾಚ್‌ಮನ್ ಮಾತು ನಿಂತಿತು. ಅವನ ಕೈಗಳು ಮಡಿಕೆ ಬಿಚ್ಚಲು ಹವಣಿಸಿದವು. ಅಷ್ಟರಲ್ಲಿ ಹೆಣ್ಣು ನಾಯಿ ಬಂದು ಎದುರು ಕೂತಿತ್ತು.

"ರಾತ್ರಿ ಕಾವಲಿಗೆ ಚಳಿ," ಎಂದಳು ಇನ್‌ಸ್ಪೆಕ್ಟರ್. "ಉದ್ದಣ್ಣ ಸಂಜೆ ಹೋಗುವಾಗ ಕೋಟನ್ನ ಶೆಡ್ಡಿನ ಮೊಳೆಗೆ ಹಾಕಿ ಹೋಗ್ತಿದ್ದ. ನೀನು ದಿನಾ ಅದನ್ನ ಹಾಕ್ಕೊಂಡು, ತೋಳು ಮಡಚಿ, ಬೆಳಿಗ್ಗೆ ಮಡಿಕೆ ಬಿಚ್ಚಿ ಅಲ್ಲೇ ನೇತುಹಾಕ್ತಿದ್ದೆ. ಆ ಬೆಳಿಗ್ಗೆ ಮಡಿಕೆ ಬಿಚ್ಚೋಕೆ ಪುರುಸೊತ್ತಾಗಲಿಲ್ಲ. ಮುಟ್ಟೇ ಇಲ್ಲ ಅಂದ ಕೋಟಿನಲ್ಲಿ ನಿನ್ನ ವಾಸನೆ ಹೇಗೆ ಬಂತು? ಹೇಳು. ಮ್ಯಾನೇಜರ್ ಏನು ಕಂಡ?"

ವಾಚ್‌ಮನ್ ಕುಸಿದು ಕೂತ. "ಲಾರಿ ಟ್ಯಾಂಕಿಂದ ಡೀಸೆಲ್ ಎಳೀತಿದ್ದೆ. ಅವತ್ತು ಸಾಹೇಬ್ರು ಬೇಗ ಬಂದ್ಬಿಟ್ರು. ಪೊಲೀಸ್ರಿಗೆ ಫೋನ್ ಮಾಡ್ತೀನಿ ಅಂತ ಕೋಣೆಗೆ ಹೋದ್ರು. ಹಿಂದೇನೇ ಹೋದೆ. ಹಾರೆ ಕೈಗೆ ಸಿಕ್ತು."

"ಉದ್ದಣ್ಣ?"

"ಹಿಂದಿನ ದಿನ ಕೂಗಾಡಿದ್ದಕ್ಕೆ ಸಾಹೇಬ್ರಿಗೆ ತಪ್ಪಾಯ್ತು ಅಂತ ಹೇಳೋಕೆ ಬಂದಿದ್ದ. ಹೆಣದ ಪಕ್ಕ ತನ್ನ ಕೋಟು ನೋಡಿ ನಡುಗಿಹೋದ. ಯಾರೂ ನಂಬಲ್ಲ, ಓಡು ಅಂದೆ. 'ನನ್ನ ಹೆಂಡ್ತಿ ಒಬ್ಬಳು ನಂಬ್ತಾಳೆ' ಅಂದ." ವಾಚ್‌ಮನ್ ಮೂಗು ಒರೆಸಿಕೊಂಡ. "ಅವನು ಹೊರಗೆ ಬಂದುಬಿಡ್ತಾನೆ ಅಂತ ನನಗೆ ನಿದ್ದೆ ಇರಲಿಲ್ಲ ಮೇಡಂ. ಆಮೇಲೆ ನೀವು ಅವಳ ಕೈಲೇ ಮೈಕಲ್ಲಿ ಹೇಳಿಸಿದ್ರಿ. ಇನ್ನು ಬರಲ್ಲ ಅಂತ ಧೈರ್ಯ ಬಂತು."

ಇನ್‌ಸ್ಪೆಕ್ಟರ್ ಮುಖ ಎತ್ತಲಾರದೆ ಬಾನೆಟ್ಟಿನ ಮೇಲಿನ ಕೋಟನ್ನೇ ನೋಡುತ್ತಿದ್ದಳು. ಕೊಲೆಗಾರ ದಿನಾ ಆಕೆಯ ಕೈಯಿಂದಲೇ ಚಹಾ ಇಸಿದುಕೊಂಡು ಕುಡಿದಿದ್ದ. ನಿರಪರಾಧಿಯನ್ನು ಕಾಡಿನಲ್ಲೇ ಕಟ್ಟಿಹಾಕಿದ್ದು ತಾನು ಬರೆದುಕೊಟ್ಟ ಚೀಟಿ.

* * *

ಬಂದೂಕುಗಳನ್ನೆಲ್ಲ ವಾಪಸ್ಸು ಕಳಿಸಿ, ಉದ್ದಣ್ಣನ ಹೆಂಡತಿಯನ್ನು ಕರೆತಂದರು. ಕಾಡಂಚಿನಲ್ಲಿ ಜೀಪು ಒಂದೇ ಉಳಿಯಿತು. ಇನ್‌ಸ್ಪೆಕ್ಟರ್ ಮೈಕನ್ನು ಅವಳ ಮುಂದೆ ಹಿಡಿದಳು.

ಅವಳು ಕೈ ಚಾಚಲಿಲ್ಲ. "ಸುಳ್ಳು ಹೇಳಿಸಿದ್ದು ನೀವು. ಮೊದಲು ನೀವು ಹೇಳಿ."

ಪತ್ರಿಕೆಯವರ ಮುಂದೆ ಸಲೀಸಾಗಿ ಮಾತಾಡುತ್ತಿದ್ದವಳು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು. "ಉದ್ದಣ್ಣ... ನಾನು ಇನ್‌ಸ್ಪೆಕ್ಟರ್. ಕೊಲೆ ಮಾಡಿದವನು ಸಿಕ್ಕಿದ್ದಾನೆ. ವಾಚ್‌ಮನ್. ನಿಮ್ಮದೇನೂ ತಪ್ಪಿಲ್ಲ. ತಪ್ಪು ಮಾಡಿದ್ದು ನಾನು. ದಯವಿಟ್ಟು ಹೊರಗೆ ಬನ್ನಿ."

ಕಾಡು ಮಿಸುಕಲಿಲ್ಲ. ಮತ್ತೆ ಹೇಳಿದಳು. ಬಿಸಿಲೇರಿತು. ಹೇಳಿ ಹೇಳಿ ಧ್ವನಿ ಕಟ್ಟಿಹೋಯಿತು. ಯಾರು ನಂಬುತ್ತಾರೆ? ಬೂಟಿನೊಳಗೆ ರಕ್ತ ಸುರಿಸಿದವರ ಮಾತನ್ನು ತಾನಾಗಿದ್ದರೂ ನಂಬುತ್ತಿರಲಿಲ್ಲ. ಗುಂಡು ತಗಲಿದ ಗಾಯ ಏನಾಗಿದೆಯೋ, ಅವನು ಬದುಕಿದ್ದಾನೋ ಇಲ್ಲವೋ.

ಆಗ ಉದ್ದಣ್ಣನ ಹೆಂಡತಿ ಮೈಕಿನ ಹತ್ತಿರ ಬಗ್ಗಿದಳು.

"ರೀ. ನೀವು ಯಾವತ್ತೂ ತೋಳು ಮಡಚಲ್ಲ ಅಂತ ನಾನು ಹೇಳೋಕೆ ಹೋದೆ ಕಣ್ರೀ. ಬಿಡಲಿಲ್ಲ. ಬೇರೆಯವರು ಬರೆದದ್ದನ್ನ ಓದಿದೆ. ಮನೆಗೆ ಬನ್ನಿ."

ಬಹಳ ಹೊತ್ತಿನ ಮೇಲೆ ದೂರದ ಬಂಡೆಯ ಹಿಂದಿನಿಂದ ಎರಡು ಉದ್ದ ಕೈಗಳು ಮೇಲೆದ್ದವು. ಆಮೇಲೆ ಮನುಷ್ಯ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಿಂದಿ ಸುತ್ತಿತ್ತು. ಕುಂಟುತ್ತಾ ಬಂದ. ಅಂಗಿಯ ಬೆನ್ನು ಹರಿದು ಜೋತಿತ್ತು. ಎರಡೂ ತೋಳು ಮಾತ್ರ ಕೆಳಗಿನವರೆಗೆ ಇಳಿದಿದ್ದವು, ಗುಂಡಿ ಹಾಕಿತ್ತು.

"ಕೈ ಇಳಿಸಿ," ಎಂದಳು ಇನ್‌ಸ್ಪೆಕ್ಟರ್. ಅವನು ಇಳಿಸಲಿಲ್ಲ. ಆಕೆಯ ಕಡೆ ನೋಡಲೂ ಇಲ್ಲ. ಜೀಪಿನ ಹತ್ತಿರ ಬರುವವರೆಗೂ ಕೈಗಳು ಮೇಲೇ ಇದ್ದವು. ಹೆಂಡತಿ ಮುಂದೆ ಹೋಗಿ ಒಂದೊಂದಾಗಿ ಹಿಡಿದು ಕೆಳಗಿಳಿಸಿದಳು.

"ಅವತ್ತೇ ಹೇಳಿದ್ಯಾ?" ಅವನ ಧ್ವನಿ ಬಳಸದೆ ತುಕ್ಕು ಹಿಡಿದಂತಿತ್ತು.

"ಅವತ್ತೇ ಬಾಯಿ ಬಿಟ್ಟೆ. ಇವರು ಕೇಳಲಿಲ್ಲ."

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಮೈಕನ್ನು ಯಾರೂ ಆರಿಸಿರಲಿಲ್ಲ. ಆ ಮಾತು ಕಾಡಿಗೆಲ್ಲ ಕೇಳಿಸಿತು.