ಅಲಗಿಲ್ಲದ ಗುಪ್ತಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪತ್ತೇದಾರಿ ಕಥೆ ಹೇಳುವವರಿಗೆ ಚುರುಕು ಬುದ್ಧಿ ಬೇಕು. ನನಗಿರುವುದು ನಡೆದದ್ದನ್ನು ತಪ್ಪಿಲ್ಲದೆ ಹೇಳಬೇಕಲ್ಲ ಎಂಬ ಅಳುಕು ಮಾತ್ರ. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕೋಲಿನ ಗುಂಡಿ ಒತ್ತಿದ್ದು, ಕೊಳ್ಳುವವರ ಪರವಾಗಿ ಬಂದ ದಲ್ಲಾಳಿ. 'ಟಕ್' ಎಂದಿತು. ಹಿಡಿಕೆ ಹಿಡಿದು ಎಳೆದ.

ಅಲಗು ಬರಲಿಲ್ಲ.

ಬಂದದ್ದು ಬೆಳ್ಳಿಯ ಹಿಡಿಕೆ, ಅದರ ಕೆಳಗೆ ಕಿರುಬೆರಳಿನಷ್ಟು ಉಕ್ಕಿನ ಮೊಂಡು. ಅಷ್ಟೇ.

ಮನೆಯ ಸೊಸೆ ಬಾಗಿ ಕೋಲಿನ ಟೊಳ್ಳಿನೊಳಗೆ ಇಣುಕಿದಳು. ಆ ಕೋಲನ್ನು ಕೊಳ್ಳುವವರಿಗೆ ಬಣ್ಣಿಸಿದ್ದು ಅವಳೇ. ಮರ ಯಾವುದು, ಬೆಳ್ಳಿ ಯಾವ ಕಾಲದ್ದು, ಅಲಗಿನ ಮೇಲಿನ ಮುದ್ರೆ ಯಾವ ಕಮ್ಮಾರನದು, ಎಲ್ಲವನ್ನೂ ಹೇಳಿ 'ಅಪ್ಪಟ' ಎಂದು ಮಾತು ಕೊಟ್ಟಿದ್ದಳು.

ಅವಳ ಮಾವನಿಗೆ ಗುಪ್ತಿ ಕೂಡಿಸುವ ಹುಚ್ಚು. ಗುಪ್ತಿ ಎಂದರೆ ಊರುಗೋಲಿನ ವೇಷ ತೊಟ್ಟ ಕತ್ತಿ. ಹೊರಗೆ ಕೋಲು, ಒಳಗೆ ಅಲಗು. ಗಾಜಿನ ಬೀರುವಿನ ತುಂಬ ಅವೇ. ಬೀದಿಯವರು ಬೆನ್ನ ಹಿಂದೆ ಅವರನ್ನು 'ಕೋಲುರಾಯರು' ಎನ್ನುತ್ತಿದ್ದರು. ಮದುವೆಯಾಗಿ ಬಂದ ಸೊಸೆ ಮೊದಮೊದಲು ನಕ್ಕಳು, ಆಮೇಲೆ ಕಲಿತಳು. ಈಗ ಬೆಲೆ ಕಟ್ಟುವುದು, ಮಾರುವುದು ಅವಳ ಕೆಲಸ.

"ನನ್ನ ಕೂಸನ್ನ ಯಾರೋ ಕೊಂದುಹಾಕಿದ್ರು..." ಮಾವ ಕುರ್ಚಿ ಹುಡುಕುವಷ್ಟೂ ತಾಳ್ಮೆಯಿಲ್ಲದೆ ನೆಲದ ಮೇಲೇ ಕುಳಿತುಬಿಟ್ಟರು. "ಬೀರುವಿಂದ ತೆಗೆದಾಗ ಹಗುರ ಅನ್ನಿಸ್ತು ಕಣಮ್ಮ. ಖುಷಿಗೆ ಹಾಗನ್ನಿಸುತ್ತೆ ಅಂದ್ಕೊಂಡೆ!"

ದಲ್ಲಾಳಿ ಮೊಂಡನ್ನು ಬೆಳಕಿಗೆ ಹಿಡಿದ. "ತುದಿ ನುಣ್ಣಗಿದೆ. ಯಾರೋ ಕತ್ತರಿಸಿ ಅರ ಹಾಕಿ ಉಜ್ಜಿದಾರೆ."

"ಅರ!" ಎಂದ ಗಂಡ. ತಿರುಗಿ ಹೆಂಡತಿಯನ್ನು ನೋಡಿದ. "ಇದರ ಸ್ಪ್ರಿಂಗ್ ಸಡಿಲ ಅಂತ ರಿಪೇರಿಗೆ ಒಯ್ದಿದ್ದು ಯಾರು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಅವಳ ಅಣ್ಣ. ಬೀಗ ರಿಪೇರಿ ಅವನ ಕಸುಬು.

"ರೀ, ಅಣ್ಣ ಅಂಥವನಲ್ಲ."

"ಅಂಥವನಲ್ಲದಿದ್ರೆ ಅಲಗು ತಂದಿಡಲಿ. ನಾಳೆ ಸಂಜೆವರೆಗೂ ಕಾಯ್ತೀನಿ. ಆಮೇಲೆ ಪೊಲೀಸು. ಅವನ ಪರ ವಹಿಸೋದಾದ್ರೆ ನೀನೂ ಅವನ ಮನೆಗೇ ಹೋಗು!"

ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದ ಅತ್ತೆ, ಗಾಜು ತಾಗಿ ತೋಳಿಗೆ ಹೊಲಿಗೆ ಬಿದ್ದಿದ್ದ ಮೊಮ್ಮಗಳನ್ನು ಕರೆದುಕೊಂಡು ಒಳಗೆ ಹೋದರು.

ಬೀರುವಿನ ಕೋಲುಗಳಿಗೆಲ್ಲ ವಿಮೆ ಇತ್ತು. ಮಾರನೆಯ ದಿನ ವಿಮೆ ಕಂಪನಿಯಿಂದ ತನಿಖೆಗೆ ಬಂದವರು ದಪ್ಪನೆಯ ಹೆಂಗಸು, ಒಂದು ಕಾಲು ಕುಂಟು. ರಬ್ಬರ್ ತುದಿಯ ಅಗ್ಗದ ಕೋಲೊಂದನ್ನು ಊರಿಕೊಂಡು ಬಂದರು. ಗಾಜಿನ ಬೀರು ನೋಡಿ "ಅಬ್ಬಾ, ಇಷ್ಟೊಂದು ಜನ ನಿಂತಿದಾರೆ, ಒಬ್ಬರಿಗೂ ಕೆಲಸ ಇಲ್ಲ!" ಎಂದರು. ಮಾವನಿಗೆ ಮೈಯೆಲ್ಲ ಉರಿಯಿತು. ಸೊಸೆ ಮನಸ್ಸಿನಲ್ಲೇ ಅವರಿಗೆ ವಿಮೆಯಮ್ಮ ಎಂದು ಹೆಸರಿಟ್ಟಳು.

ದಲ್ಲಾಳಿಯನ್ನೂ ಅಣ್ಣನನ್ನೂ ಕರೆಸಿದ್ದರು. ಅಣ್ಣ ತಲೆ ತಗ್ಗಿಸಿರಲಿಲ್ಲ. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ವಾಪಸ್ ಕೊಟ್ಟಾಗ ಅಲಗು ಇತ್ತಾ?" ವಿಮೆಯಮ್ಮ ಕೇಳಿದರು.

"ಇತ್ತು. ಇವರ ಕಣ್ಣೆದುರೇ ಎಳೆದು ತೋರಿಸಿದೀನಿ." ಅವನು ಮಾವನ ಕಡೆ ಕೈ ತೋರಿದ.

ಗಂಡ ನಡುವೆ ಬಾಯಿ ಹಾಕಿದ. "ಆಮೇಲೂ ಮನೆಗೆ ಬಂದಿದಾನೆ. ಬೀರುವಿನ ಬೀಗ ತೆಗೆಯೋದು ಅವನಿಗೇನು ಮಹಾ?"

"ಬೀಗದ ಕೈ ಎಲ್ಲಿರುತ್ತೆ?"

"ಅಡುಗೆಮನೆ ಡ್ರಾಯರಲ್ಲಿ," ಎಂದಳು ಸೊಸೆ.

"ಹಾಗಾದ್ರೆ ಬೀಗದವರೇ ಬೇಕು ಅಂತೇನಿಲ್ಲವಲ್ಲ. ಕೋಲು ಕೊಡಿ."

ಮಾವ ಅದನ್ನು ಎರಡು ಅಂಗೈಗಳ ಮೇಲೆ ಅಡ್ಡಲಾಗಿ ಮಲಗಿಸಿ ತಂದರು, ಎಳೆಗೂಸನ್ನು ತಂದಂತೆ. ಗುಪ್ತಿ ಕೂಡಿಸುವವರೆಲ್ಲ ಹಿಡಿಯುವುದೇ ಹಾಗೆ. ನೋಡುವುದು ಹಿಡಿಕೆ, ಗುಂಡಿ, ಅಲಗು. ವಿಮೆಯಮ್ಮ ಅದನ್ನು ಇಸಿದುಕೊಂಡವರೇ ತಲೆಕೆಳಗು ಮಾಡಿದರು.

"ಅಯ್ಯಯ್ಯೋ, ಹಾಗೆ ಹಿಡೀಬೇಡಿ!" ಎಂದರು ಮಾವ.

"ಇದಕ್ಕೇನಂತಾರೆ?" ಕೋಲಿನ ಕೆಳತುದಿ ಸವೆಯದಿರಲೆಂದು ತೊಡಿಸಿದ ಹಿತ್ತಾಳೆಯ ಟೊಪ್ಪಿಗೆಯನ್ನು ಅವರು ಬೆರಳಿನಿಂದ ತಟ್ಟಿದರು.

"ಅಣಸು," ಎಂದಳು ಸೊಸೆ.

"ಇದನ್ನ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಸೊಸೆ ಬಾಗಿ ನೋಡಿದಳು. ಹಳೆಯ ಹಿತ್ತಾಳೆಯೆಲ್ಲ ಕಪ್ಪು. ಒಂದು ಅಂಚು ಮಾತ್ರ ಹೊಸದಾಗಿ ಸವೆದು ಹೊಳೆಯುತ್ತಿತ್ತು. ಸಂದಿಯಲ್ಲಿ ಕೆಂಪು ಪುಡಿ.

"ಇಟ್ಟಿಗೆ ಪುಡಿ," ಎಂದರು ವಿಮೆಯಮ್ಮ. "ಮನೆಯಲ್ಲಿ ಇಟ್ಟಿಗೆ ಹಾಸಿರೋ ಜಾಗ ಎಲ್ಲಿದೆ?"

"ಹಿತ್ತಲಲ್ಲಿ. ಬಟ್ಟೆ ಒಣಗಿಸೋ ಕಡೆ." ಸೊಸೆ ಹಿತ್ತಿಲ ಬಾಗಿಲ ಕಡೆ ಕೈ ತೋರಿದಳು.

"ಹೂಂ. ಈಗ ಎಲ್ಲರೂ ಒಂದೊಂದು ಸಲ ಇದನ್ನ ಹಿಡೀರಿ. ಊರಿಕೊಂಡು ನಿಲ್ಲಿ, ಸಾಕು."

"ಇದೇನು ಆಟನಾ?" ಗಂಡ ರೇಗಿದ.

"ನಿಮ್ಮ ಭಾವನ್ನ ಜೈಲಿಗೆ ಕಳಿಸೋ ಆಟಕ್ಕಿಂತ ವಾಸಿ. ಹಿಡೀರಿ."

ಗಂಡ ಹಿಡಿದ. ಮಾವ ಹಿಡಿದರು. ದಲ್ಲಾಳಿ, ಅಣ್ಣ, ಸೊಸೆ ಎಲ್ಲರೂ ಹಿಡಿದರು. ಕೊನೆಗೆ ಅತ್ತೆಯ ಸರದಿ.

"ನಾನ್ಯಾಕೆ? ನನಗೂ ಈ ಕೋಲುಗಳಿಗೂ ಏನು ಸಂಬಂಧ?" ಎನ್ನುತ್ತಲೇ ಅವರು ಗೋಡೆ ಬಿಟ್ಟು ಕೈ ಚಾಚಿದರು. ಹಿಡಿದರು. ಒಂದು ಹೆಜ್ಜೆ ಮುಂದೆ ಬಂದರು.

"ಅಲ್ಲೇ ನಿಲ್ಲಿ ಅಮ್ಮಾ," ಎಂದರು ವಿಮೆಯಮ್ಮ, ಮೆಲ್ಲಗೆ. "ನಿಮ್ಮ ಹೆಬ್ಬೆರಳು ನೋಡಿ."

ಎಲ್ಲರೂ ನೋಡಿದರು. ಬೆಳ್ಳಿಯ ಹಿಡಿಕೆಯನ್ನು ನಾಲ್ಕು ಬೆರಳು ಬಿಗಿಯಾಗಿ ತಬ್ಬಿದ್ದವು. ಹೆಬ್ಬೆರಳು ಮಾತ್ರ ಗುಂಡಿಯಿಂದ ದೂರ, ಬೆಂಕಿಗೆ ಹೆದರಿದ ಹಾಗೆ ಮಡಿಚಿಕೊಂಡು ನಿಂತಿತ್ತು.

"ಉಳಿದವರೆಲ್ಲರ ಹೆಬ್ಬೆರಳೂ ನೇರವಾಗಿ ಗುಂಡಿ ಮೇಲೆ ಹೋಯ್ತು. ಅದು ಇವರಿಗೆ ಕತ್ತಿ. ನಿಮಗೊಬ್ಬರಿಗೇ ಅದು ಕೋಲು. ನಾನೂ ದಿನಾ ಊರೋಳೇ, ಅದಕ್ಕೇ ಕೆಳಗಿಂದ ನೋಡ್ದೆ. ಕಳ್ಳ ಆಗಿದ್ರೆ ಇದನ್ನ ಹಿತ್ತಲಲ್ಲಿ ಊರಿಕೊಂಡು ಬಟ್ಟೆ ಒಣಹಾಕ್ತಿದ್ನಾ? ಎತ್ತರ ನೋಡಿ, ಸರಿಯಾಗಿ ನಿಮ್ಮ ಮಣಿಕಟ್ಟಿಗೆ ಬರುತ್ತೆ. ಈ ಗುಂಡಿ ನಿಮ್ಮನ್ನ ಒಂದ್ಸಲ ಬೀಳಿಸಿದೆ. ಹೌದೋ ಅಲ್ವೋ?"

"ಅಮ್ಮಾ?" ಎಂದ ಗಂಡ.

ಅತ್ತೆ ಕೋಲನ್ನು ಬಿಡಲಿಲ್ಲ. ಊರಿಕೊಂಡೇ ಮಾತಾಡಿದರು.

"ಡಾಕ್ಟರು ಕೋಲು ಹಿಡೀರಿ ಅಂದ್ರು. ನಿಮ್ಮಪ್ಪನ್ನ ಕೇಳ್ದೆ. ಮನೆ ತುಂಬ ಕೋಲಿರೋವಾಗ ಇನ್ನೊಂದು ಕೋಲಾ ಅಂತ ನಕ್ಕರು. ಇದ್ದದ್ದನ್ನ ಮುಟ್ಟೋಕೆ ಬಿಡ್ತಾರಾ? ಅವರು ಮಧ್ಯಾಹ್ನ ಮಲಗಿದಾಗ ತಗೋತಿದ್ದೆ. ಇದೊಂದೇ ನನ್ನ ಕೈಗೆ ಸರಿಹೋಗ್ತಿತ್ತು. ಒಂದಿನ ಹೆಬ್ಬೆರಳು ತಾಗಿಬಿಡ್ತು. ಹಿಡಿಕೆ ಕಿತ್ತು ಬಂತು. ನಾನು ಬಿದ್ದೆ. ಅಲಗು ನನ್ನಡಿ ಸಿಕ್ಕಿ ಮುರೀತು..." ಅವರು ಸೊಸೆಯನ್ನು ನೋಡಲಾರದೆ ನೆಲ ನೋಡಿದರು. "ಮಗು ಪಕ್ಕದಲ್ಲೇ ಆಡ್ತಿತ್ತು."

ಸೊಸೆಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಮಗಳ ತೋಳು. ಹೊಲಿಗೆ ಹಾಕಿಸಿದ ಗಾಯ.

"ಗಾಜು ತಾಗ್ತು ಅಂದ್ರಲ್ಲ ಅತ್ತೆ?"

"ಅಂದೆ."

"ಅದು... ಈ ಅಲಗಾ?"

"ಇನ್ನೊಂದು ಗೇಣು ಮೇಲೆ ತಾಗಿದ್ರೆ ಕುತ್ತಿಗೆ ಕಣೇ."

ಸೊಸೆ ಒಳಗೆ ಓಡಿ ಮಗಳನ್ನು ಎತ್ತಿಕೊಂಡು ಬಂದಳು.

"ಅಲಗೆಲ್ಲಿ?" ಮಾವ ಚೀರಿದರು. "ತುಂಡುಗಳೆಲ್ಲಿ?"

"ಗುಜರಿಯವನಿಗೆ ಹಾಕ್ದೆ. ಮೊಂಡು ಚೂಪಾಗಿತ್ತು, ಬಟ್ಟೆ ಒಗೆಯೋ ಕಲ್ಲಿಗೆ ಉಜ್ಜಿದೆ. ಆಮೇಲೆ ಅದು ಬರೀ ಕೋಲು. ನನಗೆ ಬೇಕಾಗಿದ್ದೂ ಅಷ್ಟೇ."

"ಗುಜರಿಗೆ!" ಮಾವ ಎದೆ ಹಿಡಿದುಕೊಂಡರು. ಮುಂದೇನೋ ಹೇಳಲು ಬಾಯಿ ತೆರೆದರು. ಹೆಂಡತಿ ನಿಂತಿದ್ದ ರೀತಿ, ಆ ಮಡಿಚಿದ ಹೆಬ್ಬೆರಳು, ಎರಡೂ ಆಗ ಕಣ್ಣಿಗೆ ಬಿದ್ದವೋ ಏನೋ, ಬಾಯಿ ಹಾಗೇ ಮುಚ್ಚಿತು.

ಅತ್ತೆ ಅಣ್ಣನ ಎದುರಿಗೆ ಹೋಗಿ ನಿಂತರು. "ನಿನ್ನ ಮೇಲೆ ಕಳ್ಳತನ ಹೊರಿಸಿದಾಗ ಸುಮ್ಮನಿದ್ದೆ. ಕಾಲಿಗೆ ಬೀಳ್ತೀನಪ್ಪ."

"ಬೇಡಿ ಅಮ್ಮಾ," ಎಂದ ಅವನು. "ಬಿದ್ದಿದ್ದು ಸಾಕು."

ಯಾರೂ ನಗಲಿಲ್ಲ. ಗಂಡ ಭಾವನ ಹತ್ತಿರ ಬಂದು ಕೈ ಹಿಡಿಯಲು ನೋಡಿದ. ಅವನು ಚೀಲ ಹೆಗಲಿಗೇರಿಸಿಕೊಂಡು ತಂಗಿಗೆ ಮಾತ್ರ "ಬರ್ತೀನಮ್ಮ" ಎಂದು ಹೇಳಿ ಹೊರಟ. ಅವನು ಮತ್ತೆ ಆ ಮನೆಯ ಹೊಸ್ತಿಲು ತುಳಿದಿಲ್ಲ. ದಲ್ಲಾಳಿಯೂ ಅಷ್ಟೇ. ಸೊಸೆ ಕೊಳ್ಳುವವರಿಗೆ ತಾನೇ ಫೋನು ಮಾಡಿ, 'ಅಪ್ಪಟ' ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು.

ಅಲಗು ಯಾವ ಕುಲುಮೆ ಸೇರಿತೋ ಗೊತ್ತಿಲ್ಲ. ಅದು ದೊಡ್ಡ ವಿಷಯವೂ ಅಲ್ಲ. ನನಗೆ ಬಿಡಿಸಲಾಗದ್ದು ಬೇರೆ. ವಿಮೆಯಮ್ಮ ಬರದಿದ್ದರೆ, ಆ ಸಂಜೆ ಪೊಲೀಸರು ಬಂದು ಅಣ್ಣನನ್ನು ಕರೆದೊಯ್ಯುವಾಗ ಅತ್ತೆ ಬಾಯಿ ಬಿಡುತ್ತಿದ್ದರೇ? ಸೊಸೆ ಇವತ್ತಿನವರೆಗೂ ಕೇಳಿಲ್ಲ. ಕೇಳಲು ಹೆದರಿಕೆ ಎನ್ನುತ್ತಾಳೆ. ಅತ್ತೆಯೂ ಹೇಳಿಲ್ಲ. ನನಗೂ ಗೊತ್ತಿಲ್ಲ.